ಸಾವಿನ ಮನೆಯಲ್ಲಿ ನಂಬಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಸಾವಾದ ಮೊದಲ ವಾರ ಜನ ತುಂಬಿರುತ್ತಾರೆ. ಅಯ್ಯನವರು (ಸಭೆಯ ಪಾದ್ರಿ) ಬರುತ್ತಾರೆ, ಸ್ತ್ರೀಯರ ಸಂಘದವರು ಅನ್ನ-ಸಾರು ಮಾಡಿ ತರುತ್ತಾರೆ, ದಿನಾ ಸಂಜೆ ಹಾಡು, ಪ್ರಾರ್ಥನೆ. ಬಾಡಿಗೆ ಕುರ್ಚಿಗಳು ವಾಪಸ್ ಹೋದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಎದ್ದು ನಿಂತು ಕೇಳಲಾಗದ ಪ್ರಶ್ನೆಗಳು ಅವು. ನೊಂದವರ ಮನೆಗಳಿಗೆ ಹೋಗಿಬರುವ ಕೆಲಸ ನನ್ನದಾದ್ದರಿಂದ ಅಡುಗೆಮನೆ ಬಾಗಿಲಲ್ಲಿ, ಗೇಟಿನ ಹತ್ತಿರ ಚಪ್ಪಲಿ ಹಾಕಿಕೊಳ್ಳುವಾಗ, ತಡರಾತ್ರಿ ಫೋನಿನಲ್ಲಿ ಇವು ನನ್ನ ಕಿವಿಗೆ ಬೀಳುತ್ತಲೇ ಇರುತ್ತವೆ. ಕೇಳಿದವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ನಾನು ಪ್ರೊಟೆಸ್ಟೆಂಟ್ ಸಭೆಯವಳು. ಕಥೋಲಿಕ ಬಂಧುಗಳು ಕೇಳಿದ ಕಡೆ ಅವರ ಸಭೆ ಏನು ಬೋಧಿಸುತ್ತದೋ ಅದನ್ನೇ ಕೊಟ್ಟಿದ್ದೇನೆ. ಎಲ್ಲವನ್ನೂ ಓದಬೇಕಿಲ್ಲ. ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಗೆ ಹೋಗಿ.

"ಅಳಬೇಡಿ, ಅವರು ಕರ್ತನ ಬಳಿ ಇದ್ದಾರೆ" ಅಂತ ಎಲ್ಲರೂ ಹೇಳ್ತಾರೆ. ಅತ್ತರೆ ನಂಬಿಕೆ ಇಲ್ಲ ಅಂತಲಾ?

ಖಂಡಿತ ಅಲ್ಲ. ಸತ್ತ ಗೆಳೆಯ ಲಾಜರನ ಸಮಾಧಿಯ ದಾರಿಯಲ್ಲಿ ಯೇಸು ಸ್ವಾಮಿಯೇ ಕಣ್ಣೀರು ಬಿಟ್ಟರು. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸಿ ಹೊರಗೆ ಕರೆಯುತ್ತೇನೆಂದು ಗೊತ್ತಿದ್ದೂ ಅತ್ತರು. ಪುನರುತ್ಥಾನವನ್ನು ನಂಬಿದವರಿಗೆ ಅಳು ಬರಬಾರದು ಅನ್ನುವವರು ಯೋಹಾನನ ಸುವಾರ್ತೆಯ 11ನೇ ಅಧ್ಯಾಯವನ್ನು ಇನ್ನೊಂದು ಸಲ ಓದಲಿ. ಪೌಲನು ಥೆಸಲೋನಿಕದವರಿಗೆ ಬರೆದದ್ದು ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದು. ಮೊದಲರ್ಧ ನುಂಗಿ 'ದುಃಖಿಸಬೇಡಿ' ಎಂಬುದನ್ನಷ್ಟೇ ಹೆಣದ ಮುಂದೆ ಕೂತ ಹೆಂಗಸಿಗೆ ಹೇಳುವುದು ಕ್ರೂರ.

387ರಲ್ಲಿ ತಾಯಿ ಮೋನಿಕಾ ಇಟಲಿಯ ಓಸ್ಟಿಯಾದಲ್ಲಿ ತೀರಿಕೊಂಡಾಗ ಸಂತ ಅಗಸ್ಟೀನರು ಮಣ್ಣು ಮಾಡುವವರೆಗೂ ಅಳು ನುಂಗಿಕೊಂಡಿದ್ದರು. ಆಮೇಲೆ ದೇವರ ಮುಂದೆ ಒಬ್ಬರೇ ಇದ್ದಾಗ ತಡೆಯಲಾಗದೆ ಅತ್ತರು, ಅತ್ತದ್ದನ್ನು ಮುಚ್ಚಿಡದೆ ಬರೆದಿಟ್ಟರು. ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ 1542ರ ಸೆಪ್ಟೆಂಬರಿನಲ್ಲಿ 13 ವರ್ಷದ ಮಗಳು ಮಗ್ದಲೇನಳನ್ನು ಕಳೆದುಕೊಂಡರು. ಮಗಳು ಕ್ಷೇಮವಾಗಿ ಕ್ರಿಸ್ತನ ಬಳಿ ಸೇರಿದಳೆಂದು ನಾವು ಸಂತೋಷಪಡಬೇಕು, ಆದರೆ ನನಗೂ ನನ್ನ ಹೆಂಡತಿಗೂ ಅಳದೆ ಇರಲಾಗುತ್ತಿಲ್ಲ ಎಂದು ಕೆಲವೇ ದಿನಗಳಲ್ಲಿ ಗೆಳೆಯನಿಗೆ ಕಾಗದ ಬರೆದರು. ಇವರಿಬ್ಬರಿಗಿಂತ ಗಟ್ಟಿ ನಂಬಿಕೆ ಬೇಕೆಂದು ನಿಮ್ಮನ್ನು ಕೇಳುವ ಹಕ್ಕು ಯಾರಿಗೂ ಇಲ್ಲ.

ಎಷ್ಟು ದಿನ ದುಃಖ ಪಡಬಹುದು?

ಇಷ್ಟೇ ಎಂಬ ಲೆಕ್ಕ ಇಲ್ಲ. ಮೋಶೆಗಾಗಿ ಇಸ್ರಾಯೇಲ್ಯರು 30 ದಿನ ಅತ್ತರು. ಮಗ ಯೋಸೇಫ ಸತ್ತನೆಂದು ತಿಳಿದ ಯಾಕೋಬ ಯಾರ ಸಮಾಧಾನವನ್ನೂ ಒಪ್ಪಲಿಲ್ಲ, ವರ್ಷಗಟ್ಟಲೆ. ಬೈಬಲ್ ಇಬ್ಬರನ್ನೂ ಬೈಯುವುದಿಲ್ಲ.

ದೇವರ ಮೇಲೆ ವಿಪರೀತ ಸಿಟ್ಟು ಬಂದಿದೆ. ಹೇಳೋಕೆ ಹೆದರಿಕೆ.

ಹೇಳಿ. ಅದಕ್ಕೆಂದೇ ಬೈಬಲಿನಲ್ಲಿ ಜಾಗವಿದೆ. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಗೋಳಿನ, ದೂರಿನ ಕೀರ್ತನೆಗಳೇ. 13ನೇ ಕೀರ್ತನೆಯ ಮೊದಲೆರಡು ವಚನಗಳಲ್ಲಿ 'ಎಲ್ಲಿಯವರೆಗೆ' ಎಂಬ ಕೇಳಿಕೆ ಮತ್ತೆ ಮತ್ತೆ ಬರುತ್ತದೆ. 44ರಲ್ಲಿ ಜನ ದೇವರನ್ನು 'ಯಾಕೆ ನಿದ್ದೆ ಮಾಡುತ್ತೀ, ಏಳು' ಎಂದು ಕೂಗುತ್ತಾರೆ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಉಳಿದ ಬಹುಪಾಲು ಗೋಳಿನ ಕೀರ್ತನೆಗಳಂತೆ ಕೊನೆಯಲ್ಲಿ ಸ್ತುತಿಗೆ ತಿರುಗುವುದೇ ಇಲ್ಲ. ಅದನ್ನು ಆರಾಧನೆಗೆಂದು ಕೂಡಿಟ್ಟವರು ಸಮಾಧಾನದ ಒಂದು ಸಾಲನ್ನು ಅಂಟಿಸಲು ಹೋಗಲಿಲ್ಲ, ಹಾಗೇ ಬಿಟ್ಟರು. ನಮ್ಮ ಎಷ್ಟೋ ಸ್ಮರಣೆ ಕೂಟಗಳಲ್ಲಿ ಆ ಧೈರ್ಯ ಕಾಣುವುದಿಲ್ಲ. ನೊಂದವರು ಬಾಯಿ ತೆರೆಯುವ ಮೊದಲೇ 'ಆದರೂ ಕರ್ತನಿಗೆ ಸ್ತೋತ್ರ' ಎಂದು ಹೇಳಿಸಿಬಿಡುತ್ತೇವೆ.

ಮಕ್ಕಳು, ಆಸ್ತಿ, ಆರೋಗ್ಯ ಎಲ್ಲಾ ಕಳೆದುಕೊಂಡ ಯೋಬನನ್ನು ನೋಡಿ. ಹುಟ್ಟಿದ ದಿನವನ್ನೇ ಶಪಿಸಿದ, ದೇವರನ್ನು ವ್ಯಾಜ್ಯಕ್ಕೆ ಕರೆದ. ಅವನ ಗೆಳೆಯರು ಅಧ್ಯಾಯಗಟ್ಟಲೆ ದೇವರ ಪರವಾಗಿ ವಾದಿಸಿದರು. ಕೊನೆಗೆ 42ನೇ ಅಧ್ಯಾಯದಲ್ಲಿ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ. ನನ್ನ ವಿಷಯದಲ್ಲಿ ಯೋಬ ಆಡಿದಂತೆ ನೀವು ಸರಿಯಾಗಿ ಆಡಲಿಲ್ಲ ಎಂದರು. ಶಿಲುಬೆಯ ಮೇಲೆ ಯೇಸು ಸ್ವಾಮಿ ಕೂಗಿದ್ದೂ ಒಂದು ದೂರಿನ ಕೀರ್ತನೆಯ ಮೊದಲ ಸಾಲನ್ನೇ: ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?

ಬಾಗಿಲು ಹಾಕಿಕೊಂಡು ಬಾಯಿಬಿಟ್ಟು ಹೇಳಿ. ಇಲ್ಲವೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮಾತು ಸಿಗದಿದ್ದರೆ 88ನ್ನು ನಿಧಾನವಾಗಿ ಗಟ್ಟಿಯಾಗಿ ಓದಿ, ನಿಮ್ಮದೇ ಮಾತು ಅನ್ನಿಸಿದ ಕಡೆ ನಿಲ್ಲಿ. ದೇವರಿಗೆ ದೂರು ಹೇಳುವವರು ದೇವರ ಜೊತೆ ಮಾತು ಬಿಟ್ಟಿಲ್ಲ. ನನಗೆ ಹೆಚ್ಚು ಚಿಂತೆಯಾಗುವುದು ಬಾಯಲ್ಲಿ ಎಲ್ಲಾ ಸರಿಯಾದ ಮಾತು ಇದ್ದು, ಒಳಗೆ ಮಾತು ಬಿಟ್ಟವರ ಬಗ್ಗೆ.

ಉಪವಾಸ ಮಾಡಿದೆವು, ಸರಪಳಿ ಪ್ರಾರ್ಥನೆ ಮಾಡಿದೆವು. ಆದರೂ ಉಳಿಯಲಿಲ್ಲ. ನಮ್ಮ ನಂಬಿಕೆ ಸಾಲಲಿಲ್ಲವಾ?

ನಾನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಇದನ್ನು ನೊಂದವರ ತಲೆಯಲ್ಲಿ ಬಿತ್ತಿದವರು ಬಹಳ ಸಲ ನಮ್ಮವರೇ. ಐಸಿಯು ಮುಂದೆ ಕೂತು 'ನಂಬಿದರೆ ಎದ್ದೇ ಏಳ್ತಾರೆ' ಎಂದವರು, ಸತ್ತ ಮೇಲೆ ಆ ಮನೆ ಕಡೆ ತಲೆ ಹಾಕದವರು.

ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯ ಓದಿ. ಹೆರೋದ ಅರಸ ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಪೇತ್ರನನ್ನೂ ಹಿಡಿದು ಸೆರೆಯಲ್ಲಿಟ್ಟ. ದೇವದೂತ ಬಂದು ಪೇತ್ರನನ್ನು ಬಿಡಿಸಿದ. ಯಾಕೋಬನಿಗೆ ಯಾರೂ ಬರಲಿಲ್ಲ. ಇಬ್ಬರೂ ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬೊಬ್ಬರು, ಯೇಸುವಿನ ಮುಖ ಬೆಳಗಿದ ರೂಪಾಂತರದ ಬೆಟ್ಟದ ಮೇಲೆ ಇಬ್ಬರೂ ಯೇಸುವಿನ ಜೊತೆ ಇದ್ದವರು. ಪೇತ್ರನಿಗಾಗಿ ಪ್ರಾರ್ಥಿಸುತ್ತಿದ್ದವರ ನಂಬಿಕೆಯಾದರೂ ದೊಡ್ಡದಿತ್ತೇ ಎಂದು ನೋಡಿದರೆ, ಪೇತ್ರ ಬಂದು ಬಾಗಿಲು ತಟ್ಟುತ್ತಿದ್ದಾನೆ ಎಂದು ರೋದೆ ಎಂಬ ಹುಡುಗಿ ಓಡಿಬಂದು ಹೇಳಿದಾಗ 'ನಿನಗೆ ಹುಚ್ಚು' ಅಂದರು! ತಾವು ಕೇಳಿಕೊಳ್ಳುತ್ತಿದ್ದದ್ದು ಆಗುತ್ತದೆಂದು ಅವರಿಗೇ ನಂಬಿಕೆ ಇರಲಿಲ್ಲ, ಆದರೂ ಪೇತ್ರ ಬಂದ. ಯಾರು ಉಳಿದರು, ಯಾರು ಹೋದರು ಎಂಬುದನ್ನು ಪ್ರಾರ್ಥಿಸಿದವರ ನಂಬಿಕೆಯಿಂದ ಅಳೆಯಲು ಈ ಅಧ್ಯಾಯ ಬಿಡುವುದಿಲ್ಲ.

ಪೌಲ ಎಷ್ಟೋ ಜನರನ್ನು ಗುಣಪಡಿಸಿದವನು. 'ಶರೀರದ ಮುಳ್ಳು' ಎಂದು ತಾನೇ ಕರೆದ ಬಾಧೆಯನ್ನು ತೆಗೆಯಬೇಕೆಂದು ಮೂರು ಸಲ ಬೇಡಿದ, ತೆಗೆಯಲಿಲ್ಲ. ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟುಬಂದೆ ಎಂದು ಬರೆದ. ತಿಮೊಥೆಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತಗೋ ಎಂದು ಹೇಳಿದ. ಸಾವಿನ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಸ್ವಾಮಿ ಈ ಪಾತ್ರೆ, ಅಂದರೆ ಈ ಯಾತನೆ, ತೊಲಗಲಿ ಎಂದು ಮೂರು ಸಲ ಪ್ರಾರ್ಥಿಸಿದರು. ಅದು ತೊಲಗಲಿಲ್ಲ. ಅವರ ನಂಬಿಕೆ ಸಾಲಲಿಲ್ಲ ಎಂದು ಯಾರಾದರೂ ಹೇಳುತ್ತಾರಾ?

ಹಾಗಾದರೆ ಯಾಕೆ ಉಳಿಯಲಿಲ್ಲ? ಯಾಕೋಬ ಯಾಕೆ ಉಳಿಯಲಿಲ್ಲ ಎಂದು ಆ ಪುಸ್ತಕ ಬರೆದ ಲೂಕ ಹೇಳಿಲ್ಲ. ಯೋಬನಿಗೂ ದೇವರು ಕಾರಣ ಹೇಳಲಿಲ್ಲ. ಬಂದು ಮಾತನಾಡಿದರು, ಅಷ್ಟೇ. ದೇವರು ಕೊಡದ ಕಾರಣವನ್ನು ಅವರ ಪರವಾಗಿ ನಾನು ಕೊಡಲಾರೆ, ಬೇರೆಯವರು ಕೊಟ್ಟರೆ ನೀವು ತೆಗೆದುಕೊಳ್ಳಬೇಕಿಲ್ಲ.

ನಮ್ಮ ಮನೆತನದ ಮೇಲೆ ಶಾಪ ಇದೆ, ಅದನ್ನು ಮುರಿಸಬೇಕು ಅಂತ ಒಬ್ಬ ಸೇವಕರು ಹೇಳಿದರು.

ಹೋಗಬೇಡಿ, ಹಣ ಕೊಡಬೇಡಿ. ಹುಟ್ಟುಕುರುಡನನ್ನು ತೋರಿಸಿ ಯಾರ ಪಾಪ, ಇವನದೋ ತಂದೆತಾಯಿಯದೋ ಎಂದು ಶಿಷ್ಯರು ಕೇಳಿದಾಗ ಯೇಸು ಸ್ವಾಮಿ ಎರಡೂ ಅಲ್ಲ ಎಂದರು. ಸಿಲೋವದ ಗೋಪುರ ಬಿದ್ದು ಸತ್ತ 18 ಜನ ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚಿನ ಪಾಪಿಗಳಾಗಿದ್ದರೆಂದು ತಿಳಿಯುತ್ತೀರಾ, ಅಲ್ಲವೇ ಅಲ್ಲ ಎಂದರು. ಇಷ್ಟು ನೇರವಾಗಿ ಹೇಳಿದ ಮೇಲೂ ಹೆಣ ಎತ್ತಿದ ಮನೆಯಲ್ಲಿ ಶಾಪ ಹುಡುಕುವವರು ಸುವಾರ್ತೆ ಸಾರುತ್ತಿಲ್ಲ.

ಪ್ರಾರ್ಥನೆ ಮಾಡೋಕೆ ಕೂತರೆ ಒಂದು ಮಾತೂ ಬರಲ್ಲ.

ಬರದಿದ್ದರೆ ಬೇಡ. ನಾವು ಏನು ಬೇಡಿಕೊಳ್ಳಬೇಕೋ ತಿಳಿಯದಿರುವಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿದೆ. ಸ್ವಂತ ಮಾತು ಹುಟ್ಟದಾಗ ಎರವಲು ಮಾತು ಸಾಕು. ಕರ್ತನ ಪ್ರಾರ್ಥನೆಯನ್ನು ಅರ್ಧಕ್ಕೇ ನಿಲ್ಲಿಸಿದರೂ ಪರವಾಗಿಲ್ಲ. ಕಥೋಲಿಕರ ಕೈಯಲ್ಲಿ ಜಪಮಾಲೆ ಇದ್ದೇ ಇದೆ, ಮಣಿ ಸರಿಸುತ್ತಾ ಕೂತರೆ ಬಾಯಿ ತಾನೇ ನಡೆಯುತ್ತದೆ. ಮನೆಯಲ್ಲಿ ಓದುವ ವಯಸ್ಸಿನ ಮಕ್ಕಳಿದ್ದರೆ ರಾತ್ರಿ ಒಂದು ಕೀರ್ತನೆ ಓದಿಸಿ, ನೀವು 'ಆಮೆನ್' ಅನ್ನಿ. ಮೊಬೈಲಿನಲ್ಲಿ ಬೈಬಲ್ ಆಡಿಯೋ ಹಾಕಿಕೊಂಡು ಮಲಗುವವರೂ ಇದ್ದಾರೆ. ಉದ್ದನೆಯ ಪ್ರಾರ್ಥನೆ ಮಾಡಲಾಗಲಿಲ್ಲ ಎಂದು ಕೊರಗಬೇಡಿ.

ಚರ್ಚಿಗೆ ಹೋಗೋಕೆ ಮನಸ್ಸೇ ಇಲ್ಲ. ಹಾಡು ಕೇಳಿದರೆ ಎದೆ ಒಡೆಯುತ್ತೆ, ಜನ 'ಹೇಗಿದ್ದೀರಿ' ಅಂತ ಕೇಳಿದರೆ ಓಡಿಹೋಗೋಣ ಅನ್ನಿಸುತ್ತೆ.

ಕೆಲವು ವಾರ ಬಿಟ್ಟರೆ ಆಕಾಶ ಕಳಚಿ ಬೀಳುವುದಿಲ್ಲ. ಆದರೆ ಪೂರ್ತಿ ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಯಾಕೆಂದು ಒಬ್ಬರನ್ನು ನೋಡಿ ಹೇಳುತ್ತೇನೆ.

ನಮ್ಮ ಸಭೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಹೆಂಡತಿ ಹೋದ ಮೇಲೆ ಮುಂದಿನ ಸಾಲು ಬಿಟ್ಟು ಬಾಗಿಲ ಪಕ್ಕದ ಕೊನೆಯ ಬೆಂಚಿಗೆ ಬಂದರು. ಆರಾಧನೆ ಶುರುವಾಗಿ ಮೊದಲ ಹಾಡು ಮುಗಿಯುವ ಹೊತ್ತಿಗೆ ಬರುವರು. ಹಾಡಿನ ಪುಸ್ತಕ ತೊಡೆಯ ಮೇಲೆ ಮುಚ್ಚಿಯೇ ಇರುತ್ತಿತ್ತು. ಎಲ್ಲರೂ ಎದ್ದರೆ ಏಳುವರು, ಕೂತರೆ ಕೂರುವರು. 'ನಾನು ನಂಬುತ್ತೇನೆ' ಎಂದು ಎಲ್ಲರೂ ಕೂಡಿ ವಿಶ್ವಾಸ ಪ್ರಮಾಣ ಹೇಳುವಾಗ ತುಟಿ ಬಿಗಿದು ನಿಲ್ಲುವರು. ಆಶೀರ್ವಾದಕ್ಕೆ ಮೊದಲೇ, ಕೊನೆಯ ಹಾಡಿನ ಗಲಾಟೆಯಲ್ಲಿ ಕೊಡೆ ತೆಗೆದುಕೊಂಡು ಹೊರಟುಬಿಡುವರು, ಯಾರೂ ಕೈ ಹಿಡಿದು ಮಾತಾಡಿಸಬಾರದೆಂದು. ಹಿರಿಯರಲ್ಲಿ ಕೆಲವರಿಗೆ ಇದು ಸರಿಕಾಣಲಿಲ್ಲ. ಅಯ್ಯನವರು 'ಬರ್ತಿದ್ದಾರಲ್ಲ, ಸುಮ್ಮನಿರಿ' ಅಂದರು. ಬಹಳ ತಿಂಗಳ ಮೇಲೆ ಮೇಷ್ಟ್ರು ತಾವಾಗಿ ನನಗೆ ಹೇಳಿದ್ದು ಇದು: "ನನ್ನ ಬಾಯಲ್ಲಿ ಬರ್ತಿರಲಿಲ್ಲಮ್ಮಾ, ಸುತ್ತ ನಿಂತೋರು ಹೇಳ್ತಿದ್ರಲ್ಲ. ಅದರೊಳಗೆ ನಿಂತ್ಕೊಂಡಿದ್ದೆ."

ಮಾರ್ಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು ಮಾಳಿಗೆ ಬಿಚ್ಚಿ ಇಳಿಸುತ್ತಾರೆ. ಯೇಸು ಸ್ವಾಮಿ 'ಅವರ' ನಂಬಿಕೆಯನ್ನು ನೋಡಿ ಮಾತಾಡಿದರು ಎಂದಿದೆ. ಮಲಗಿದ್ದವನು ಬಾಯಿ ಬಿಟ್ಟದ್ದೇ ಇಲ್ಲ. ಸಭೆ ಇರುವುದು ಇದಕ್ಕೂ ಹೌದು. ನಿಮ್ಮ ಕೈಲಾಗದ ಕಾಲದಲ್ಲಿ ನಿಮ್ಮ ನಂಬಿಕೆಯನ್ನು ಬೇರೆಯವರು ಹೊರಲಿ.

ಜನರ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಬೇಕಾದರೆ ಮೇಷ್ಟ್ರ ದಾರಿಯೇ ಒಳ್ಳೆಯದು: ತಡವಾಗಿ ಬನ್ನಿ, ಮೊದಲೇ ಹೊರಡಿ. ದೊಡ್ಡ ಆರಾಧನೆ ತಡೆಯಲಾಗದಿದ್ದರೆ ವಾರದ ನಡುವಿನ ಸಣ್ಣ ಕೂಟಕ್ಕೋ ಬೆಳಗಿನ ಪೂಜೆಗೋ ಹೋಗಿ.

ದೇವರೇ ಇಲ್ಲವೇನೋ ಅನ್ನಿಸೋಕೆ ಶುರುವಾಗಿದೆ. ನಾನು ಇನ್ನೂ ಕ್ರೈಸ್ತಳೇನಾ?

ಈ ಪ್ರಶ್ನೆ ನಿಮ್ಮನ್ನು ಇಷ್ಟು ಸುಡುತ್ತಿದೆ ಎಂಬುದನ್ನು ಮೊದಲು ಗಮನಿಸಿ. ನಂಬಿಕೆ ಪೂರ್ತಿ ಸತ್ತುಹೋದವರಿಗೆ ಈ ಸಂಕಟ ಇರುವುದು ಕಡಿಮೆ.

ಮದರ್ ತೆರೇಸಾ 1948ರಲ್ಲಿ ಕೊಲ್ಕತ್ತದ ಕೊಳೆಗೇರಿಗಳಿಗೆ ಇಳಿದರು. ಕೆಲಸ ಶುರುವಾದ ಸ್ವಲ್ಪ ಸಮಯದಲ್ಲೇ ಅವರೊಳಗೆ ಕತ್ತಲೆ ಕವಿಯಿತು. ದೇವರು ಇದ್ದಾರೆಂಬ ಅನುಭವ ಹೋಯಿತು, ಪ್ರಾರ್ಥಿಸಿದರೆ ಬರೀ ಖಾಲಿ. ನಡುವೆ ಅಲ್ಪಕಾಲ ಬಿಟ್ಟರೆ 1997ರಲ್ಲಿ ತೀರಿಕೊಳ್ಳುವವರೆಗೂ ಅದು ಬಿಡಲಿಲ್ಲ. ಆತ್ಮಿಕ ಗುರುಗಳಿಗೆ ಬರೆದ ಅವರ ಕಾಗದಗಳು 2007ರಲ್ಲಿ ಅಚ್ಚಾದಾಗ ಎಷ್ಟೋ ಜನ ಬೆಚ್ಚಿಬಿದ್ದರು. ಕಥೋಲಿಕ ಸಭೆ ಆ ಕಾಗದಗಳನ್ನು ಬಚ್ಚಿಡಲಿಲ್ಲ. ಎಲ್ಲಾ ಗೊತ್ತಿದ್ದೇ 2016ರ ಸೆಪ್ಟೆಂಬರ್ 4ರಂದು ಅವರನ್ನು ಸಂತರೆಂದು ಸಾರಿತು.

ಫ್ರಾನ್ಸಿನ ಲಿಸ್ಯೂ ಊರಿನ ಸಂತ ತೆರೇಸಾ, ನಮ್ಮ ಎಷ್ಟೋ ಕಥೋಲಿಕ ಮನೆಗಳಲ್ಲಿ ಗುಲಾಬಿ ಹಿಡಿದ ಪಟವಾಗಿ ಇರುವವರು, ಕ್ಷಯದಿಂದ 24ನೇ ವಯಸ್ಸಿಗೆ ತೀರಿಕೊಂಡರು. 1896ರ ಈಸ್ಟರ್ ಹೊತ್ತಿನಿಂದ 1897ರ ಸೆಪ್ಟೆಂಬರಿನ ಸಾವಿನವರೆಗೆ ಸ್ವರ್ಗವೆಂಬುದೇ ಇಲ್ಲ ಅನ್ನುವ ಯೋಚನೆ ಅವರನ್ನು ಬಿಡದೆ ಕಾಡಿತು. ಆ ದಿನಗಳಲ್ಲಿ ವಿಶ್ವಾಸ ಪ್ರಮಾಣವನ್ನು ತಮ್ಮ ರಕ್ತದಲ್ಲೇ ಬರೆದು ಎದೆಗೆ ಇಟ್ಟುಕೊಂಡಿದ್ದರು. ಮನಸ್ಸು ಒಪ್ಪದ ಮಾತನ್ನು ಮೈಗೆ ಒತ್ತಿ ಹಿಡಿದುಕೊಳ್ಳುವುದೂ ನಂಬುವುದೇ ಎಂದು ನಾನು ಅವರಿಂದ ಕಲಿತಿದ್ದೇನೆ.

ಯೇಸು ಎದ್ದುಬಂದರೆಂಬುದನ್ನು ನಂಬಲಾರದ ಶಿಷ್ಯ ತೋಮನ ಮಾತು ಎಲ್ಲರಿಗೂ ಗೊತ್ತು. ಯೋಹಾನನ ಸುವಾರ್ತೆಯ ಆ ಅಧ್ಯಾಯದಲ್ಲಿ ನಾವು ಗಮನಿಸದ ಒಂದು ಸಂಗತಿ ಇದೆ. 'ನೋಡಿದ ಹೊರತು ನಂಬುವುದೇ ಇಲ್ಲ' ಎಂದು ಅವನು ಹೇಳಿದ ಮೇಲೂ ಉಳಿದ ಶಿಷ್ಯರು ಹೊರಗೆ ಹಾಕಲಿಲ್ಲ. ಎಂಟು ದಿನದ ಮೇಲೆ ಅವನು ಅವರ ಜೊತೆಗೇ ಒಳಗೆ ಇದ್ದ. ಹಾಗಾಗಿಯೇ ಯೇಸು ಸ್ವಾಮಿ ಬಂದಾಗ ಅವನಿಗೆ ಸಿಕ್ಕರು.

ಪ್ರಶ್ನೆ ಕೇಳೋದೇ ತಪ್ಪು, ಸುಮ್ಮನೆ ನಂಬಬೇಕು ಅಂತಾರಲ್ಲ?

ಹಾಗೆ ಅಂದವರಿಗೆ ಸಮಾಜ ಸುಧಾರಕಿ ಪಂಡಿತಾ ರಮಾಬಾಯಿಯವರ ಬದುಕನ್ನು ಓದಲು ಹೇಳಿ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ನಮ್ಮ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನರ ವಿರೋಧ ಕಟ್ಟಿಕೊಂಡು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿಗೆ ಹೋದರು. ರಮಾಬಾಯಿ ಹುಟ್ಟಿದ್ದು ಅಲ್ಲೇ, 1858ರಲ್ಲಿ. 1870ರ ದಶಕದ ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಒಬ್ಬರಾದ ಮೇಲೊಬ್ಬರು ಹೋದರು. ಜೊತೆಗೆ ನಡೆದು ದೇಶ ಸುತ್ತಿದ ಅಣ್ಣ 1880ರಲ್ಲಿ ತೀರಿಕೊಂಡ. ಮದುವೆಯಾದ ಎರಡೇ ವರ್ಷದೊಳಗೆ, 1882ರಲ್ಲಿ, ಗಂಡ ಕಾಲರಾಕ್ಕೆ ಬಲಿಯಾದರು. ಕೈಯಲ್ಲಿ ಹಸುಗೂಸು ಮನೋರಮಾ.

1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು. ಅದರ ನಂತರವೂ ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ತಂದೆ, ಮಗ, ಪವಿತ್ರಾತ್ಮ ಒಬ್ಬರೇ ದೇವರೆಂಬ ತ್ರಯೈಕತ್ವದ ಬಗ್ಗೆ, ಸಭೆಯ ಅಧಿಕಾರದ ಬಗ್ಗೆ ತಮ್ಮನ್ನು ಸಲಹಿದ ಸಿಸ್ಟರ್‌ಗಳ ಜೊತೆಯಲ್ಲೇ ಕಾಗದಗಳಲ್ಲಿ ವಾದ ಮಾಡಿದರು. ನನ್ನ ಮನಸ್ಸಾಕ್ಷಿಗೆ ಒಪ್ಪದ್ದನ್ನು ಹೇಳಿದ ಮಾತ್ರಕ್ಕೆ ಒಪ್ಪುವುದಿಲ್ಲ ಎಂಬುದು ಅವರ ನಿಲುವು. ದೀಕ್ಷಾಸ್ನಾನದ ಹೊತ್ತಿಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂಬ ಅರ್ಥದಲ್ಲಿ ಮುಂದೆ ತಾವೇ ಬರೆದುಕೊಂಡರು. ಇಂಥ ವಾದಗಾತಿಯೇ ಪುಣೆ ಹತ್ತಿರದ ಕೇಡಗಾಂವದಲ್ಲಿ ಬರದಲ್ಲಿ ಬಿದ್ದ ಹೆಣ್ಣುಮಕ್ಕಳಿಗೆ ಮುಕ್ತಿ ಆಶ್ರಮ ಕಟ್ಟಿದರು, ಬೈಬಲನ್ನು ಮರಾಠಿಗೆ ತಂದರು. 1912ರಲ್ಲಿ ಗುಲ್ಬರ್ಗದಲ್ಲಿ ಶಾಲೆ ತೆರೆಯಿಸಿದರು. 1921ರಲ್ಲಿ ಉಳಿದಿದ್ದ ಒಬ್ಬಳೇ ಮಗಳು ಮನೋರಮಾಳನ್ನೂ ಮಣ್ಣು ಮಾಡಿದರು. ಮಾರನೇ ವರ್ಷ ಏಪ್ರಿಲಿನಲ್ಲಿ ತಾವೂ ಹೋದರು. ಪ್ರಶ್ನೆ ಕೇಳಿದ್ದರಿಂದ ಈ ಹೆಂಗಸಿನ ನಂಬಿಕೆ ಸಡಿಲವಾಯಿತು ಎಂದು ನನಗಂತೂ ಕಾಣುವುದಿಲ್ಲ.

ತಮ್ಮ ಆತ್ಮಹತ್ಯೆ ಮಾಡಿಕೊಂಡ. ಅವನಿಗೆ ಮೋಕ್ಷ ಇಲ್ಲ ಅಂತ ಹೇಳಿದರು.

ಹಾಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ. ಕಥೋಲಿಕ ಸಭೆಯ ಹಳೆಯ, 1917ರ ಕಾನೂನಿನಲ್ಲಿ ಬೇಕೆಂದೇ ಆತ್ಮಹತ್ಯೆ ಮಾಡಿಕೊಂಡವರಿಗೆ ಸಭೆಯ ಶವಸಂಸ್ಕಾರ ಇಲ್ಲ ಎಂದಿತ್ತು. 1983ರ ಕಾನೂನಿನಲ್ಲಿ ಅದನ್ನು ತೆಗೆದರು. ಅದೇ ಸಭೆಯ ಬೋಧನೆಗಳ ಅಧಿಕೃತ ಪುಸ್ತಕವಾದ 1992ರ ಧರ್ಮೋಪದೇಶ, ತೀವ್ರ ಮಾನಸಿಕ ತೊಂದರೆ, ಭಯ, ಯಾತನೆ ವ್ಯಕ್ತಿಯ ಹೊಣೆಯನ್ನು ಕಡಿಮೆ ಮಾಡುತ್ತವೆ ಎನ್ನುತ್ತದೆ. ಅಂಥವರ ನಿತ್ಯ ರಕ್ಷಣೆಯ ಬಗ್ಗೆ ನಿರಾಶರಾಗಬಾರದು, ಅವರಿಗಾಗಿ ಸಭೆ ಪ್ರಾರ್ಥಿಸುತ್ತದೆ ಎಂದೂ ಹೇಳುತ್ತದೆ. ನಮ್ಮಲ್ಲಿ, ಸಾವಾಗಲಿ ಜೀವವಾಗಲಿ ಕ್ರಿಸ್ತನ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದು ಎಂಬ ವಚನವನ್ನು ಪ್ರತಿ ಸಮಾಧಿಯ ಹತ್ತಿರ ಓದುತ್ತೇವೆ. ನಿಮ್ಮ ತಮ್ಮನನ್ನು ಅದರಿಂದ ಹೊರಗಿಡುವ ಕಂಸ ಅಲ್ಲಿಲ್ಲ. ಅವನ ಹೆಸರನ್ನು ಮನೆ ಪ್ರಾರ್ಥನೆಯಲ್ಲಿ ಗಟ್ಟಿಯಾಗಿ ಹೇಳಿ, ಮುಚ್ಚಿಡಬೇಡಿ.

ನಿಮಗೂ ಸಾಯಬೇಕು ಅನ್ನಿಸುತ್ತಿದ್ದರೆ ಇವತ್ತೇ ಯಾರಿಗಾದರೂ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಹಣವಿಲ್ಲ, ಕನ್ನಡದಲ್ಲಿ ಮಾತಾಡಬಹುದು.

ದೀಕ್ಷಾಸ್ನಾನಕ್ಕೆ ಮೊದಲೇ ಮಗು ಹೋಯಿತು.

ದಾವೀದ ಅರಸನ ಕೂಸು ಏಳನೆಯ ದಿನ ಸತ್ತಿತು. ಅವನು ಎದ್ದು ಸ್ನಾನ ಮಾಡಿದ. 'ನಾನು ಅದರ ಬಳಿಗೆ ಹೋಗುವೆನು, ಅದು ನನ್ನ ಬಳಿಗೆ ಬರುವುದಿಲ್ಲ' ಎಂದು ಕೇಳಿದವರಿಗೆ ಹೇಳಿದ. ಇಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತೇವೆ ಎನ್ನುತ್ತದೆ ಕಥೋಲಿಕ ಸಭೆ. ಅವರು ರಕ್ಷಣೆ ಹೊಂದುವರೆಂದು ನಿರೀಕ್ಷಿಸಲು ಬಲವಾದ ಕಾರಣಗಳಿವೆ ಎಂದು ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗ 2007ರಲ್ಲಿ ಹೇಳಿದೆ. ಗರ್ಭದಲ್ಲೇ ಹೋದ ಮಗುವಾದರೂ ಹೆಸರಿಡಿ. ಹೆಸರಿಟ್ಟ ತಾಯಂದಿರು ಅದರಿಂದ ತಮಗೆ ಉಸಿರು ಬಂತೆಂದು ಹೇಳಿದ್ದನ್ನು ಕೇಳಿದ್ದೇನೆ.

ಕೋವಿಡ್‌ನಲ್ಲಿ ಅಮ್ಮನ ಮುಖ ನೋಡೋಕೂ ಬಿಡಲಿಲ್ಲ. ಸುಟ್ಟುಬಿಟ್ಟರು. ಸಮಾಧಿ ಆರಾಧನೆಯೂ ಇಲ್ಲ.

2021ರ ಏಪ್ರಿಲ್, ಮೇ ತಿಂಗಳ ಗಾಯ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇನ್ನೂ ಹಸಿಯಾಗಿದೆ. ದಹನ ಮಾಡಿದ್ದರಿಂದ ಪುನರುತ್ಥಾನಕ್ಕೆ ಏನೂ ಅಡ್ಡಿಯಿಲ್ಲ. ಬೆಂಕಿಯಲ್ಲಿ ಸುಟ್ಟ ರಕ್ತಸಾಕ್ಷಿಗಳನ್ನೂ ಸಮುದ್ರದಲ್ಲಿ ಹೋದವರನ್ನೂ ಎಬ್ಬಿಸುವವರು ನಿಮ್ಮ ಅಮ್ಮನನ್ನು ಬಿಡುತ್ತಾರಾ? ಕಥೋಲಿಕ ಸಭೆ 1963ರಿಂದಲೇ ದಹನಕ್ಕೆ ಅನುಮತಿ ಕೊಟ್ಟಿದೆ. ಆದರೆ ಬೂದಿಯನ್ನು ಚೆಲ್ಲದೆ, ಮನೆಯಲ್ಲೂ ಇಡದೆ, ಪವಿತ್ರ ಸ್ಥಳದಲ್ಲಿ ಇಡಬೇಕೆಂದು 2016ರಲ್ಲಿ ಮತ್ತೆ ಹೇಳಿತು.

ಆಗದೆ ಉಳಿದ ಆರಾಧನೆಯನ್ನು ಈಗಲೂ ಮಾಡಬಹುದು. ಎಷ್ಟು ವರ್ಷವಾಗಿದ್ದರೂ ಅಯ್ಯನವರನ್ನೋ ಫಾದರನ್ನೋ ಕೇಳಿ. ಅವರ ಇಷ್ಟದ ಹಾಡು ಹಾಡಿ, ಬಂಧುಗಳನ್ನು ಕರೆಯಿರಿ, ಊಟ ಹಾಕಿ. ತಡವಾಯಿತೆಂದು ಯಾರೂ ಅನ್ನುವುದಿಲ್ಲ, ಅಂದರೂ ಕಿವಿಗೆ ಹಾಕಿಕೊಳ್ಳಬೇಡಿ.

ಅಪ್ಪ ಕ್ರೈಸ್ತರಾಗಿರಲಿಲ್ಲ. ಅವರ ಗತಿ ಏನು? ಅಣ್ಣಂದಿರು ತಿಥಿಗೆ ಕರೀತಾರೆ, ಹೋಗಲಾ?

ನಿಮ್ಮ ಅಪ್ಪನ ಗತಿ ಗೊತ್ತೆಂದು ಹೇಳುವ ಯಾರನ್ನೂ ನಂಬಬೇಡಿ. ಸರ್ವಲೋಕಕ್ಕೆ ನ್ಯಾಯತೀರಿಸುವವನು ನ್ಯಾಯವನ್ನೇ ನಡಿಸುವುದಿಲ್ಲವೇ ಎಂದು ಅಬ್ರಹಾಮ ದೇವರ ಮುಖಕ್ಕೇ ಕೇಳಿದ. ಅಪ್ಪನನ್ನು ಆ ನ್ಯಾಯಾಧಿಪತಿಯ ಕೈಯಲ್ಲಿಡಿ. ಅವರು ಕರುಣೆಯುಳ್ಳವರು.

ತಿಥಿಗೆ ಹೋಗಿ. ಅಮ್ಮನ ಪಕ್ಕ ಕೂರಿ, ತರಕಾರಿ ಹೆಚ್ಚಿ, ಖರ್ಚಿನಲ್ಲಿ ಪಾಲು ಕೊಡಿ. ಪಿಂಡ ಇಡುವುದು ನಿಮ್ಮಿಂದಾಗದು ಎಂಬುದನ್ನು ವಾರ ಮೊದಲೇ ಅಣ್ಣನಿಗೆ ಒಬ್ಬರೇ ಸಿಕ್ಕಾಗ ಮೆತ್ತಗೆ ಹೇಳಿ. ಪುರೋಹಿತರ ಮುಂದೆ ಜಗಳ ಬೇಡ. ಎಡೆ ಇಟ್ಟ ಊಟದ ವಿಚಾರದಲ್ಲಿ ವಿಶ್ವಾಸಿಗಳಲ್ಲಿ ಒಂದೇ ಅಭಿಪ್ರಾಯವಿಲ್ಲ, ಪೌಲನ ಕಾಲದಲ್ಲೂ ಇರಲಿಲ್ಲ. ನಿಮ್ಮ ಮನಸ್ಸಾಕ್ಷಿ ಒಪ್ಪಿದಂತೆ ನಡೆದುಕೊಳ್ಳಿ.

ಮನೋವೈದ್ಯರ ಹತ್ತಿರ ಹೋದರೆ ದೇವರನ್ನು ನಂಬಿಲ್ಲ ಅಂತಾಗುತ್ತಾ?

ಇಲ್ಲ. ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ಗಿಡದ ಕೆಳಗೆ ಬಿದ್ದುಕೊಂಡ ಪ್ರವಾದಿ ಎಲೀಯನಿಗೆ ದೇವರು ಮೊದಲು ಪ್ರಸಂಗ ಮಾಡಲಿಲ್ಲ. ನಿದ್ದೆ ಮಾಡಲು ಬಿಟ್ಟರು, ರೊಟ್ಟಿ ನೀರು ಕೊಟ್ಟರು, ಮತ್ತೆ ಮಲಗಲು ಬಿಟ್ಟರು. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಕೆಲಸಕ್ಕೆ ಹೋಗಲಾಗುತ್ತಿಲ್ಲ ಎಂದಾದರೆ ನಿಮ್ಹಾನ್ಸಿಗೋ ಜಿಲ್ಲಾಸ್ಪತ್ರೆಗೋ ಹೋಗಿ. ಬರೆದುಕೊಟ್ಟ ಮಾತ್ರೆಯನ್ನು ಯಾರೋ ಪ್ರಾರ್ಥಿಸಿದರೆಂದು ನಿಲ್ಲಿಸಬೇಡಿ.

ಮಕ್ಕಳಿಗೆ ಏನಂತ ಹೇಳೋದು?

'ಸತ್ತುಹೋದರು' ಎಂದೇ ಹೇಳಿ. ನಿದ್ದೆ ಮಾಡುತ್ತಿದ್ದಾರೆ ಎಂದರೆ ಮಗು ರಾತ್ರಿ ಮಲಗಲು ಹೆದರುತ್ತದೆ. ಒಳ್ಳೆಯವರೆಂದು ದೇವರು ಕರೆದುಕೊಂಡರು ಎಂದರೆ ಒಳ್ಳೆಯದಾಗಿರಲು ಹೆದರುತ್ತದೆ, ದೇವರನ್ನು ಕಳ್ಳನೆಂದುಕೊಳ್ಳುತ್ತದೆ. ಬರುತ್ತೇನೆಂದರೆ ಸಮಾಧಿಗೆ ಕರೆದುಕೊಂಡು ಹೋಗಿ, ಒಂದು ಹಿಡಿ ಮಣ್ಣು ಹಾಕಲಿ. ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿದರೆ 'ಅಮ್ಮನಿಗೂ ಗೊತ್ತಿಲ್ಲ ಕಂದಾ, ಇಬ್ಬರೂ ದೇವರನ್ನು ಕೇಳೋಣ' ಅನ್ನಿ.

ಸಾವಿನ ಮನೆಗೆ ಹೋಗಬೇಕು. ಏನು ಮಾತಾಡಬೇಕೋ ಗೊತ್ತಾಗಲ್ಲ.

ಯೋಬನ ಗೆಳೆಯರು ಮೊದಲ ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ, ಬಾಯಿ ತೆರೆದ ಮೇಲೆ ಕೆಟ್ಟಿತು. 'ದೇವರ ಚಿತ್ತ', 'ಇನ್ನೊಂದು ಮಗು ಆಗುತ್ತೆ', 'ನಿಮಗಿಂತ ಕಷ್ಟದವರಿದ್ದಾರೆ' ಇವು ಮೂರೂ ಬೇಡ. ತೀರಿಕೊಂಡವರ ಹೆಸರು ಹಿಡಿದು ಮಾತಾಡಿ, ಅವರ ಬಗ್ಗೆ ನಿಮಗೆ ನೆನಪಿರುವುದೊಂದನ್ನು ಹೇಳಿ. 'ಏನಾದರೂ ಬೇಕಾದರೆ ಹೇಳಿ' ಎಂದು ಹೊರಡಬೇಡಿ, ಅವರು ಹೇಳುವುದಿಲ್ಲ. ಗ್ಯಾಸ್ ಬುಕ್ ಮಾಡಿ, ಮರಣ ಪ್ರಮಾಣಪತ್ರಕ್ಕೆ, ಬ್ಯಾಂಕಿಗೆ ಜೊತೆಗೆ ಓಡಾಡಿ. ಮೂರನೇ ತಿಂಗಳು ಮತ್ತೆ ಹೋಗಿ. ಆಗ ಯಾರೂ ಬರುತ್ತಿರುವುದಿಲ್ಲ.

ಮೊದಲಿನ ನಂಬಿಕೆ ವಾಪಸ್ ಬರುತ್ತಾ?

ಮೊದಲಿನದೇ ಬರುತ್ತದೆಂದು ನಾನು ಮಾತು ಕೊಡಲಾರೆ. ಎದ್ದುಬಂದ ಕ್ರಿಸ್ತನ ಕೈಯಲ್ಲೂ ಪಕ್ಕೆಯಲ್ಲೂ ಗಾಯದ ಗುರುತು ಇತ್ತು, ತೋಮನಿಗೆ ತೋರಿಸಿದ್ದು ಅದನ್ನೇ. ನಾನು ಕಂಡಂತೆ ಎಷ್ಟೋ ಜನರಿಗೆ ನಂಬಿಕೆ ಬೇರೆ ರೂಪದಲ್ಲಿ ಉಳಿದಿದೆ: ಮಾತು ಕಡಿಮೆ, ಬೇರೆಯವರ ನೋವಿನ ಮುಂದೆ ಉಪದೇಶ ಕಡಿಮೆ. ಕೆಲವರು ಇನ್ನೂ ಕತ್ತಲೆಯಲ್ಲೇ ನಡೆಯುತ್ತಿದ್ದಾರೆ. ಅವರನ್ನೂ ನಂಬುವವರೆಂದೇ ನಾನು ಎಣಿಸುತ್ತೇನೆ.

ಮೊದಲ ಕ್ರಿಸ್ಮಸ್ ಹೇಗೆ ಕಳೆಯೋದು?

ನಕ್ಷತ್ರ ಕಟ್ಟಲೇಬೇಕೆಂದಿಲ್ಲ, ಕುಸ್ವಾರ್ (ಕ್ರಿಸ್ಮಸ್ ತಿಂಡಿ) ಮಾಡಲೇಬೇಕೆಂದಿಲ್ಲ. ಮಕ್ಕಳಿದ್ದರೆ ಅವರನ್ನು ಕೇಳಿ, ಅವರಿಗೆ ಬೇಕಿದ್ದಷ್ಟು ಮಾಡಿ. ಕ್ಯಾರಲ್ ತಂಡ ಬರುವ ರಾತ್ರಿ ಬಹಳ ಜನರಿಗೆ ಕಷ್ಟ. ಆ ತಂಡದ ಮುಖ್ಯಸ್ಥರಿಗೆ ಡಿಸೆಂಬರ್ ಮೊದಲ ವಾರದಲ್ಲೇ ಫೋನ್ ಮಾಡಿ, ನಮ್ಮ ಮನೆ ಮುಂದೆ ಈ ಸಲ ಡೋಲು, ಗಿಟಾರ್ ಬೇಡ, ಇಬ್ಬರು ಮೂವರು ಒಳಗೆ ಬಂದು ಪ್ರಾರ್ಥನೆ ಮಾಡಿ ಹೋಗಿ ಎಂದು ಹೇಳಿಬಿಡಿ. ಅದೂ ಬೇಡವೆನಿಸಿದರೆ ಅದನ್ನೂ ಹೇಳಿ. ಸಭೆಯ ಮುಖಂಡರು ಇದನ್ನು ಓದುತ್ತಿದ್ದರೆ, ಆ ವರ್ಷ ಸಾವಾದ ಮನೆಗಳ ಪಟ್ಟಿ ಮಾಡಿಕೊಂಡು ಕ್ಯಾರಲ್ ಹೊರಡುವ ಮೊದಲು ನೀವೇ ಆ ಮನೆಗಳಿಗೆ ಹೋಗಿ ಕೇಳಿಕೊಂಡು ಬನ್ನಿ.